ಮೂರೂಕಾಲರ ಸಾಲು

ಇದು ನಡೆದದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಿಮ್ಮನ್ನು ನಂಬಿಸಿದರೆ ನನಗೇನೂ ಬಡ್ತಿ ಸಿಗುವುದಿಲ್ಲ. ಬಿಳಿ ಸೀರೆ, ಗೆಜ್ಜೆ ಸದ್ದು, ಹಿಂದುಮುಂದಾದ ಪಾದ ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು. ನಾನು ವಿಜಯಪುರದ ಕಡೆಯವಳು, ಹನ್ನೊಂದು ವರ್ಷದಿಂದ ಪುಣೆಯಲ್ಲಿ ನರ್ಸ್. ಶವದ ಪಕ್ಕದ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಉಂಡವಳು. ದೆವ್ವಕ್ಕೆ ಹೆದರುವಷ್ಟು ಪುರುಸೊತ್ತು ನನಗೆ ಯಾವತ್ತೂ ಇರಲಿಲ್ಲ.

ಆಗ ನಾನಿದ್ದದ್ದು ಇಪ್ಪತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಬೇಡ. ಗೋಡೆಗೆ ಗ್ರಾನೈಟ್, ಬಾಗಿಲಲ್ಲಿನ ಗಣಪತಿಗೆ ಬೆಳ್ಳಿ ಕಿರೀಟ. ಆದರೆ ರಾತ್ರಿ ಹೊತ್ತು ವಾರ್ಡಿಗೂ ರಿಕವರಿ ರೂಮಿಗೂ ಸೇರಿ ಒಬ್ಬಳೇ ನರ್ಸ್. ರಿಕವರಿ ರೂಮ್ ಎಂದರೆ ಆಪರೇಷನ್ ಆದವರನ್ನು ಪೂರ್ತಿ ಎಚ್ಚರವಾಗುವ ತನಕ ಇಡುವ ಕೋಣೆ. ಅಲ್ಲಿನ ಮಾನಿಟರಿನ ಅಲಾರಂ ಸದ್ದನ್ನೇ ಮಾಲೀಕ ಡಾಕ್ಟರ್ ಬಂದ್ ಮಾಡಿಸಿದ್ದರು. ಪಕ್ಕದ ಡೀಲಕ್ಸ್ ರೂಮಿನವರಿಗೆ ನಿದ್ದೆ ಬರುವುದಿಲ್ಲವಂತೆ.

ಆ ರಾತ್ರಿ ಕಸ್ತೂರಿ ಎಂಬ ಹೆಂಗಸಿಗೆ ಪಿತ್ತಕೋಶದ ಆಪರೇಷನ್. ಮೂವತ್ತೈದರ ಆಸುಪಾಸು, ದಪ್ಪ ಮೈ, ಎರಡು ಮಕ್ಕಳ ತಾಯಿ. ಬೆಳಗಿನಿಂದ ಹನಿ ನೀರೂ ಕುಡಿಯದೆ ಕಾದಿದ್ದಳು. ಸರ್ಜನ್ ಸಾಹೇಬರು ಉಳಿದ ಮೂರು ಆಸ್ಪತ್ರೆ ಮುಗಿಸಿಕೊಂಡು ದಯಮಾಡಿಸಿದಾಗ ರಾತ್ರಿ ಹನ್ನೊಂದೂವರೆ. ಅರಿವಳಿಕೆ ಕೊಡುವ ಡಾಕ್ಟರ್ ಅವರಿಗಿಂತ ದೊಡ್ಡ ಮನುಷ್ಯ, ಬ್ಯಾಗು ಹಿಡಿದು ಊರೆಲ್ಲ ಓಡುವವನು. ಒಂದೂವರೆಗೆ ಅವಳ ಕೆನ್ನೆ ತಟ್ಟಿ ಹೆಸರು ಹಿಡಿದು ಕರೆದ. ಅವಳು ಅರೆಗಣ್ಣು ಬಿಟ್ಟಳು. ಅಷ್ಟಕ್ಕೇ ಎಚ್ಚರವಾಗಿದೆ ಎಂದು ಬರೆದು, ನೋವಿಗೆ ಇನ್ನೊಂದು ಇಂಜೆಕ್ಷನ್ ಕೊಡಿಸಿ, ಚಿಂಚವಾಡದಲ್ಲಿದ್ದ ಮುಂದಿನ ಆಪರೇಷನ್ನಿಗೆ ಹೊರಟೇಬಿಟ್ಟ.

ಅವಳ ಗಂಡ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತ, ನಮ್ಮ ಕಡೆಯವನೇ. ಬಾಗಿಲಲ್ಲಿ ಇಣುಕಿ ಪಿಸುದನಿಯಲ್ಲಿ ಕೇಳಿದ.

"ಅಕ್ಕಾರ, ಭಾಳ ಗೊರಕಿ ಹೊಡ್ಯಾಕತ್ತಾಳ್ರಿ. ಛಲೋ ನಿದ್ದಿ ಹತ್ತೇದ ಅಲ್ರಿ?"

"ಹೌದ್ರಿ. ನೀವೂ ಹೊರಗ ಮಲಕೋರಿ."

ಎಂಥ ಸುಳ್ಳು ಹೇಳಿದೆ ನೋಡಿ. ಅರಿವಳಿಕೆಯ ನಂತರದ ಗೊರಕೆ ನಿದ್ದೆಯದಲ್ಲ, ನಾಲಿಗೆ ಹಿಂದಕ್ಕೆ ಬಿದ್ದು ಗಂಟಲಿಗೆ ಅಡ್ಡ ಬಂದ ಸದ್ದು. ಮೊದಲ ವರ್ಷದ ನರ್ಸಿಂಗ್ ಹುಡುಗಿಗೂ ಇದು ಗೊತ್ತು. ರೋಗಿಯನ್ನು ಮಗ್ಗುಲಾಗಿಸಬೇಕು, ಗದ್ದ ಎತ್ತಬೇಕು, ಯಾರಾದರೂ ತಲೆಯ ಹತ್ತಿರ ಕೂತಿರಬೇಕು. ನಾನು ಒಮ್ಮೆ ಗದ್ದ ಎತ್ತಿದೆ. ಗೊರಕೆ ಸ್ವಲ್ಪ ಸಣ್ಣದಾಯಿತು. ಸಾಕು ಅಂದುಕೊಂಡೆ.

ಈಗ ನಮ್ಮ ಕಸುಬಿನ ಒಂದು ನಾಚಿಕೆಗೇಡು ಪದ್ಧತಿ ಹೇಳುತ್ತೇನೆ. ಇಂಥ ರೋಗಿಯ ನಾಡಿ, ಉಸಿರು, ಬಿಪಿ, ಆಕ್ಸಿಜನ್ ಎಲ್ಲವನ್ನೂ ಕಾಲು ಗಂಟೆಗೊಮ್ಮೆ ನೋಡಿ ಹಾಳೆಯಲ್ಲಿ ಬರೆಯಬೇಕು. ನಾವು ಅದನ್ನು ಮೊದಲೇ ಬರೆದಿಡುತ್ತಿದ್ದೆವು. ನಾನು ಎರಡು ಗಂಟೆಗೇ ಕೂತು ಮೂರರ ತನಕದ ಸಾಲುಗಳನ್ನು ತುಂಬಿದೆ. ನಾಡಿ ಎಂಬತ್ತೆರಡು, ಎಂಬತ್ತು, ಎಂಬತ್ನಾಲ್ಕು... ಅನುಮಾನ ಬರಬಾರದಲ್ಲ, ಅದಕ್ಕೆ ಅಂಕಿಗಳನ್ನು ಆಚೀಚೆ ಮಾಡುವುದು. ಆಕ್ಸಿಜನ್ ಮಾತ್ರ ಉದ್ದಕ್ಕೂ ತೊಂಬತ್ತೆಂಟು. ಆಮೇಲೆ ಪಕ್ಕದಲ್ಲಿ ಬಟ್ಟೆ ಇಡುವ ಕೋಣೆಗೆ ಹೋಗಿ ಕಾಲು ಚಾಚಿದೆ.

ಎಚ್ಚರವಾದದ್ದು ಒಂದು ಸದ್ದಿಗೆ. ಜೋರಿನದಲ್ಲ... ಕಾಗದದ ಮೇಲೆ ಪೆನ್ನು ಓಡುವ ಸದ್ದು. ಸರಸರ... ಸ್ವಲ್ಪ ತಡೆದು... ಮತ್ತೆ ಸರಸರ. ಫಿನಾಯಿಲ್ ವಾಸನೆಯ ಆ ಕತ್ತಲೆಯಲ್ಲಿ ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಸಾಲಿನ ಕೊನೆಗೆ ಚುಕ್ಕೆ ಇಟ್ಟದ್ದೂ ಕೇಳಿಸಿತು. ಮಾಲೀಕ ಡಾಕ್ಟರ್ ಹೇಳದೆ ಕೇಳದೆ ರೌಂಡಿಗೆ ಬಂದು ನನ್ನ ಹಾಳೆ ತಿದ್ದುತ್ತಿದ್ದಾರೆ ಎಂದೇ ಓಡಿದೆ. ಓಡಿದ್ದು ಕಸ್ತೂರಿಗಾಗಿ ಅಲ್ಲ, ಕೆಲಸ ಹೋದೀತೆಂದು. ಅದನ್ನೂ ಹೇಳಿಬಿಡುತ್ತೇನೆ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಗಂಡ ಹೊರಗೆ ಕುರ್ಚಿಯಲ್ಲಿ ಕತ್ತು ವಾಲಿಸಿ ನಿದ್ದೆ ಹೋಗಿದ್ದ. ಆಕ್ಸಿಜನ್ ಬಾಟಲಿ ಬುಳುಬುಳು ಅನ್ನುತ್ತಿತ್ತು, ಅವಳು ಗೊರಕೆ ಹೊಡೆಯುತ್ತಿದ್ದಳು. ಮಾನಿಟರಿನಲ್ಲಿ ಆಕ್ಸಿಜನ್ ತೊಂಬತ್ತೈದು. ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಎಂಟು ನಿಮಿಷ.

ಹಾಳೆಯಲ್ಲಿ ನನ್ನ ಮೂರರ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು.

ಮೂರೂಕಾಲು. ಉಸಿರು ಇಲ್ಲ. ತುಟಿ ನೀಲಿ. ನಾಡಿ ನಲವತ್ತು. ಸಿಸ್ಟರ್ ಜಾಗದಲ್ಲಿಲ್ಲ.

ಬೆರಳು ಆಡಿಸಿದರೆ ಶಾಯಿ ಹರಡಿತು, ಇನ್ನೂ ಹಸಿ. ಅಕ್ಷರ ನನ್ನದೇ. ನಾಲ್ಕರ ಅಂಕಿಯ ತಲೆಯನ್ನು ನಾನು ಮುಚ್ಚಿ ಬರೆಯುತ್ತೇನೆ, ಆ ನಲವತ್ತರಲ್ಲೂ ಹಾಗೇ ಇತ್ತು. ನಿದ್ದೆಗಣ್ಣಲ್ಲಿ ನೀನೇ ಬರೆದಿರಬೇಕು ಎನ್ನುವ ಬುದ್ಧಿವಂತರು ನನಗೆ ಬೇಕಾದಷ್ಟು ಸಿಕ್ಕಿದ್ದಾರೆ. ನಾನೇ ಬರೆದೆ ಅಂತಲೇ ಇಟ್ಟುಕೊಳ್ಳಿ. ಏಳು ನಿಮಿಷ ಮುಂದಿನದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳಿದರೆ ಅವರ ಬುದ್ಧಿ ಅಲ್ಲಿಗೆ ಮುಗಿಯುತ್ತದೆ.

 ಈ ಸಲ ಬಟ್ಟೆ ಕೋಣೆಗೆ ಹೋಗಲಿಲ್ಲ. ಸ್ಟೂಲ್ ಎಳೆದು ಅವಳ ತಲೆಯ ಹತ್ತಿರ ಕೂತು, ಗದ್ದ ಎತ್ತಿ ಹಿಡಿದೆ. ಗಡಿಯಾರದಲ್ಲಿ ಮೂರು ಹತ್ತಾಯಿತು... ಮೂರು ಹನ್ನೆರಡು... ಗೊರಕೆ ಮೆತ್ತಗಾಯಿತು. ನಿಂತಿತು. ಗೊರಕೆ ನಿಂತರೆ ಮನೆಯವರಿಗೆ ಸಮಾಧಾನ. ನಾನು ಅವಳ ಮೂಗಿನ ಹತ್ತಿರ ಕೈ ಹಿಡಿದೆ. ಏನೂ ತಾಗಲಿಲ್ಲ.

ಮಾನಿಟರ್ ಸದ್ದಿಲ್ಲದೆ ಎಂಬತ್ತಕ್ಕೆ ಇಳಿಯಿತು, ಎಪ್ಪತ್ತಕ್ಕೆ ಇಳಿಯಿತು. ಗಡಿಯಾರದಲ್ಲಿ ಮೂರೂಕಾಲು. ನಾಡಿ ನಲವತ್ತು. ತುಟಿ ನೇರಳೆ ಹಣ್ಣು ತಿಂದ ಬಣ್ಣಕ್ಕೆ ತಿರುಗಿತು. ಒಂದು ಕೈಯಲ್ಲಿ ದವಡೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಅಂಬು ಬ್ಯಾಗ್ ಎಂಬ ರಬ್ಬರ್ ಚೀಲ ಒತ್ತಿ ಉಸಿರು ತುಂಬಿದೆ. ಗಂಡನನ್ನು ಕೂಗಿ ಎಬ್ಬಿಸಿ ಡ್ಯೂಟಿ ಡಾಕ್ಟರನ್ನು ಕರೆತರಲು ಓಡಿಸಿದೆ. ಆ ಪುಣ್ಯಾತ್ಮ ಎರಡನೇ ಮಹಡಿಯಲ್ಲಿ ಎಸಿ ಹಾಕಿಕೊಂಡು ಮಲಗಿದ್ದ. ಬಂದವನು ಚಿಂಚವಾಡದಲ್ಲಿದ್ದ ಅರಿವಳಿಕೆ ಡಾಕ್ಟರಿಗೆ ಫೋನ್ ಹಚ್ಚಿ, ಅಲ್ಲಿಂದ ಹೇಳಿಸಿಕೊಂಡು, ನೋವಿನ ಮದ್ದಿನ ಅಮಲು ಇಳಿಸುವ ಇಂಜೆಕ್ಷನ್ ಕೊಟ್ಟ. ಅಷ್ಟು ಹೊತ್ತೂ ನಾನು ಒತ್ತುತ್ತಲೇ ಇದ್ದೆ.

ಕಸ್ತೂರಿ ಕೆಮ್ಮಿದಳು. ಕಣ್ಣು ಬಿಟ್ಟು, ನೀರು ಕೇಳಿದಳು.

ಬೆಳಿಗ್ಗೆ ಮಾಲೀಕ ಡಾಕ್ಟರ್ ಹಾಳೆ ನೋಡಿದರು. ತೊಂಬತ್ತೆಂಟರ ಸಾಲುಗಳ ಕೆಳಗೆ ಆ ಸಾಲು. ನನ್ನ ಸುಳ್ಳಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಅಲಾರಂ ಬಗ್ಗೆಯೂ ಇಲ್ಲ, ಬೇಗ ಓಡಿದ ಡಾಕ್ಟರ್ ಬಗ್ಗೆಯೂ ಇಲ್ಲ. ಅವರ ಬೆರಳು ನಿಂತದ್ದು ಕೊನೆಯ ಮಾತಿನ ಮೇಲೆ, ಸಿಸ್ಟರ್ ಜಾಗದಲ್ಲಿಲ್ಲ ಎಂಬುದರ ಮೇಲೆ. ಕೋರ್ಟಿಗೆ ಹೋದರೆ ಇದೊಂದೇ ಸಾಕು ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ಹರಿದು ಹಾಕು, ಹೊಸದು ಬರೆ ಅಂದರು.

ಬಾಗಿಲ ಹೊರಗೆ ಅವಳ ಗಂಡ ನಿಂತಿದ್ದ. ನನ್ನನ್ನು ಕಂಡವನೇ ಕೈ ಮುಗಿದ.

"ನೀವು ಬಾಜೂಕ ಕುಂತಿದ್ರಿ ಅಂತ ಉಳದಾಳ್ರಿ ಅಕ್ಕಾರ. ನನ್ನ ಮಕ್ಳಿಗಿ ಅವ್ವ ಉಳದ್ಳು."

ನಾನು ತಲೆಯಾಡಿಸಿದೆ. ಒಳಗೆ ಬಂದು ಹೊಸ ಹಾಳೆಯಲ್ಲಿ ಮೂರೂಕಾಲಕ್ಕೂ ತೊಂಬತ್ತೆಂಟು ಬರೆದೆ. ಹಳೆಯದನ್ನು ನಾಲ್ಕು ಚೂರು ಮಾಡಿ, ರಕ್ತದ ಹತ್ತಿ ಹಾಕುವ ಹಳದಿ ಚೀಲಕ್ಕೆ ತುರುಕಿದೆ. ಆ ಆಸ್ಪತ್ರೆ ಬಿಟ್ಟು ಎರಡು ವರ್ಷವಾಯಿತು. ಈಗಲೂ ರಾತ್ರಿ ಪಾಳಿಯಲ್ಲಿ ಎಲ್ಲಾದರೂ ಪೆನ್ನಿನ ಸದ್ದು ಕೇಳಿದರೆ ಎದ್ದು ಹೋಗಿ ರೋಗಿಯ ಉಸಿರು ನೋಡಿ ಬರುತ್ತೇನೆ. ಆ ಸಾಲು ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ... ಹರಿದವಳು ಮಾತ್ರ ನಾನೇ.