ವಾಹಿಕ್‌ನ ಗುಡ್ಡೆ ಚಮಚ

ಜುಲ್ಫಾದ ಅರ್ಮೇನಿಯನ್ ಗಲ್ಲಿಯಲ್ಲಿ ಹೊಸದಾಗಿ ಮನೆಯಲ್ಲೇ ಬಿಯರ್ ಮಾಡಲು ಹೊರಟವನನ್ನು ಗುರುತಿಸುವುದು ಸುಲಭ. ಪೀಪಾಯಿಗೆ ಕಿವಿಯಿಟ್ಟು ಕೂತವನೇ ಅವನು. ದರ್ಜಿ ವಾಹಿಕ್‌ನನ್ನೇ ನೋಡಿ. ಒಳಗೆ ಗುಳುಗುಳು ಕೇಳಿದರೆ "ಮಾತಾಡ್ತಿದೆ!" ಎಂದು ಹಿಗ್ಗುತ್ತಾನೆ, ಸದ್ದು ನಿಂತರೆ "ಸತ್ತೇಹೋಯ್ತು!" ಎಂದು ಹೆಂಡತಿ ಶೂಶಿಕ್‌ಳನ್ನು ಕೂಗುತ್ತಾನೆ. "ಸತ್ತಿಲ್ಲ ಮಾರಾಯ, ಹುದುಗು ಬರೋದು ಮುಗೀತು ಅಷ್ಟೆ. ಬಾಟಲಿಗೆ ತುಂಬು," ಎನ್ನುತ್ತಾಳೆ ಅವಳು. ನೊರೆಯೇಳಲು ಬಾಟಲಿಗೆ ಅರ್ಧ ಚಮಚ ಸಕ್ಕರೆ ಸಾಕು. ವಾಹಿಕ್‌ನ ಚಮಚ ಮಾತ್ರ ಗುಡ್ಡೆ ಹೊತ್ತುಕೊಂಡೇ ಬರುತ್ತದೆ. "ಬರೋರು ನೆಂಟರು ಕಣೇ, ಕೈ ಬಿಗಿಹಿಡಿದರೆ ಹೆಂಗೆ?" ಎಂದು ಇನ್ನಷ್ಟು ಉದುರಿಸುತ್ತಾನೆ. ಹೀಗಾಗಿ ಈ ಸಲ ನೀರೆರಚುವ ವಾರ್ದವಾರ್ ಹಬ್ಬದಂದು ಅವನು ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಬಿಯರ್ ಅಂಗಳದ ಹಿಪ್ಪುನೇರಳೆ ಮರದೆತ್ತರಕ್ಕೆ ಚಿಮ್ಮಿ, ಬಕೆಟ್ ಹಿಡಿದು ನಿಂತವರನ್ನೆಲ್ಲ ತೋಯಿಸಿತು. "ನೀರು ಸಾಲ್ದು ಅಂತ ಬಿಯರಲ್ಲೇ ಸ್ನಾನ ಮಾಡಿಸ್ಬಿಟ್ರಲ್ಲ ಅಳಿಯಂದ್ರೇ!" ಎಂದು ಅತ್ತೆ ಹೈಕಾನೂಶ್ ಜಡೆ ಹಿಂಡುತ್ತ ಬಿದ್ದು ಬಿದ್ದು ನಕ್ಕಳು. ವಾಹಿಕ್‌ನ ಕೈ ಅಷ್ಟು ಧಾರಾಳವೇಕೆಂಬುದು ಶೂಶಿಕ್‌ಗೊಬ್ಬಳಿಗೇ ಗೊತ್ತು: ಯುದ್ಧದ ವರ್ಷಗಳಲ್ಲಿ ಸಕ್ಕರೆ ರೇಷನ್ನಿನಲ್ಲಿ ಬರುತ್ತಿದ್ದಾಗ, ನೆಂಟರು ಬಾಗಿಲು ತಟ್ಟಿದರೆ ಅವನಮ್ಮ ಸಕ್ಕರೆ ಡಬ್ಬಿಯನ್ನು ಬಚ್ಚಿಡುತ್ತಿದ್ದಳು, ಅವರು ಹೋದಮೇಲೆ ಒಲೆಯ ಮುಂದೆ ಕೂತು ಅಳುತ್ತಿದ್ದಳು. ಮುಂದಿನ ಪೀಪಾಯಿ ಸುಮ್ಮನಾದಾಗ ಶೂಶಿಕ್ ಚಮಚ ಕಸಿದುಕೊಂಡು, ಪ್ರತಿ ಬಾಟಲಿಗೂ ಅಳೆದು ಅರ್ಧರ್ಧವೇ ಹಾಕಿದಳು. ಕೊನೆಯ ಬಾಟಲಿ ಬಂದಾಗ ಒಮ್ಮೆ ಅವನ ಮುಖ ನೋಡಿದಳು. ಅದಕ್ಕೆ ಗುಡ್ಡೆ ಚಮಚವನ್ನೇ ಸುರಿದು, "ಇದನ್ನ ಮಾತ್ರ ಅಂಗಳದಲ್ಲೇ ತೆಗಿ, ನಮ್ಮಮ್ಮ ಬಂದಾಗ," ಎಂದಳು.