ನಲವತ್ತು ಎಂತದು?

ಉತ್ತರದ ಮುಂದೆ ಏಕಮಾನ ಬರೆಯದ ಮಕ್ಕಳಿಗೆ ನಾನು ಅರ್ಧ ಅಂಕ ಕತ್ತರಿಸುತ್ತೇನೆ. ‘ನಲವತ್ತು ಏನು? ಮಾವಿನಕಾಯಿಯೇ?’ ಎಂದು ಕೆಂಪು ಶಾಯಿಯಲ್ಲಿ ಕೇಳುವ ಚಟವೂ ಇದೆ. ಮಂಕಿಯ ಶಾಲೆಯಲ್ಲಿ ಇಷ್ಟು ವರ್ಷ ಗಣಿತ ಹೇಳಿಕೊಟ್ಟರೂ ಆ ಪ್ರಶ್ನೆಯ ತೂಕ ನನಗೆ ತಿಳಿದದ್ದು ನಮ್ಮಲ್ಲಿ ಬಿಸಿಯೂಟದ ಅಡುಗೆ ಮಾಡುವ ಮಾದೇವಕ್ಕನಿಂದ.

ಅವರ ಗಂಡ ಸುಬ್ರಾಯಣ್ಣ ಮೀನಿನ ಬೋಟಿನಲ್ಲಿ ದುಡಿಯುವವರು. ಒಂದು ದಿನ ಸಮುದ್ರದಲ್ಲಿ ಗಾಳಿ ಎದ್ದಿತ್ತು. ಬೋಟಿನ ಸುದ್ದಿಯೇ ಇರಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಮಾದೇವಕ್ಕನಿಗೆ ಬೋಟಿನ ಮಾಲಕರ ಫೋನು ಬಂತು. ವಾಯರ್‌ಲೆಸ್‌ನಲ್ಲಿ ಸಿಕ್ಕಿದ್ದಾರೆ, ಎಲ್ಲರೂ ಕ್ಷೇಮ, ಎಂಜಿನ್ ಸ್ವಲ್ಪ ಕೈಕೊಟ್ಟಿದೆ. ಹೊನ್ನಾವರದ ಬಂದರಿಗೆ ಇನ್ನು ನಲವತ್ತು ಇದೆ, ಆರು ನಾಟ್ ವೇಗದಲ್ಲಿ ಬರುತ್ತಿದ್ದಾರೆ. ಮಾದೇವಕ್ಕ ಸೌಟು ಹಿಡಿದೇ ನನ್ನ ತರಗತಿಯ ಬಾಗಿಲಿಗೆ ಬಂದರು.

“ಎಷ್ಟೊತ್ತಿಗೆ ಬತ್ರು ಮಾಸ್ತರ್ರೆ?”

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಕೈಯಲ್ಲಿ ಸೀಮೆಸುಣ್ಣ ಇರುವಾಗ ಗಣಿತದ ಮಾಸ್ತರನ ಬಾಯಿಗೆ ಆ ಮಾತು ಬರುವುದಿಲ್ಲ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್ ಎಂಬುದು ನೆನಪಿತ್ತು. ಆರರಿಂದ ಗುಣಿಸಿದೆ, ಹನ್ನೊಂದು ಚಿಲ್ಲರೆ. ಅದರಿಂದ ನಲವತ್ತನ್ನು ಭಾಗಿಸಿದೆ. ಮೂರು ಗಂಟೆ ಮೂವತ್ತಾರು ನಿಮಿಷ.

“ಒಂದು ಮೂವತ್ತಾರಕ್ಕೆ ಬಂದರಿನಲ್ಲಿರ್ತಾರೆ” ಎಂದೆ. ನಿಮಿಷವನ್ನೂ ಬಿಡದೆ ಹೇಳಿದ್ದಕ್ಕೆ ನನಗೇ ಹೆಮ್ಮೆ.

ಬಡಿಸುವ ಕೆಲಸವನ್ನು ಜೊತೆಯವರಿಗೆ ಒಪ್ಪಿಸಿ ಮಾದೇವಕ್ಕ ಒಂದು ಗಂಟೆಗೇ ಹೊನ್ನಾವರದ ಬಂದರು ಸೇರಿದರು. ಮೂರಕ್ಕೆ ಅವರ ಫೋನು. “ಇನ್ನೂ ಬರ್ಲಿಲ್ಲ ಮಾಸ್ತರ್ರೆ. ಎಂತ ಆತು ಹೇಳಿ?”

ಆ ದನಿ ಕೇಳಿ ಬೈಕು ಹತ್ತಿದೆ. ಬಂದರಿನಲ್ಲಿ ಅವರು ಬಲೆಯ ರಾಶಿಯ ಪಕ್ಕ ಕಡಲನ್ನೇ ನೋಡುತ್ತ ಕುಳಿತಿದ್ದರು. ಹಿಂದೆ ಬೋಟು ನಡೆಸುತ್ತಿದ್ದ ಮುದುಕರೊಬ್ಬರು ಅಲ್ಲೇ ಇದ್ದರು. ಅವರಿಗೆ ನನ್ನ ಲೆಕ್ಕ ಒಪ್ಪಿಸಿದೆ.

“ನಲವತ್ತು ಎಂತದು ಮಾಸ್ತರ್ರೆ? ಕಿಲೋಮೀಟರಾ?”

ಹೌದೆಂದು ತಲೆಯಾಡಿಸಿದೆ.

“ಸಮುದ್ರದ ಮೈಲು ಅದು. ಆರು ನಾಟ್ ಅಂದ್ರೆ ತಾಸಿಗೆ ಆರು ಮೈಲು. ನಲವತ್ತನ್ನ ಆರ್ರಿಂದ ಭಾಗ್ಸಿದ್ರೆ ಆತು.”

ಆರು ಗಂಟೆ ನಲವತ್ತು ನಿಮಿಷ! ಬೋಟು ಬರಬೇಕಾದದ್ದೇ ನಾಲ್ಕು ನಲವತ್ತಕ್ಕೆ. ವೇಗವನ್ನು ನೆಲಕ್ಕೆ ಎಳೆದು ತಂದವನು ದೂರವನ್ನು ನೀರಿನಲ್ಲೇ ಬಿಟ್ಟಿದ್ದೆ.

“ತಪ್ಪು ನನ್ನದು ಮಾದೇವಕ್ಕ. ಬೋಟು ತಡ ಆಗಿಲ್ಲ, ನನ್ನ ಲೆಕ್ಕ ಬೇಗ ಬಂದುಬಿಟ್ಟಿದೆ.”

“ಹಾಂಗಾರೆ ಅವ್ರಿಗೆ ಎಂತದೂ ಆಗ್ಲಿಲ್ಲ?”

“ಇಲ್ಲ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. “ಇಷ್ಟೊತ್ತು ನಾನು ಎಂತೆಂತ ಯೋಚ್ನೆ ಮಾಡ್ದೆ ಗೊತ್ತುಂಟಾ ನಿಮಗೆ?”

ಗೊತ್ತಿರಲಿಲ್ಲ. ನಾನು ಹಲಗೆ ಒರೆಸಿ ಮುಂದಿನ ತರಗತಿಗೆ ಹೋಗಿದ್ದೆ; ನನ್ನ ಉತ್ತರವನ್ನು ಅವರು ಇಲ್ಲಿಯವರೆಗೆ ಹೊತ್ತು ತಂದಿದ್ದರು.

ಐದಕ್ಕೆ ಹತ್ತು ನಿಮಿಷವಿರುವಾಗ ಬೋಟು ಬಂತು. ಸುಬ್ರಾಯಣ್ಣ ಹಾರಿ ಇಳಿದರು.

“ಎಷ್ಟೊತ್ತು ಮಾಡ್ದ್ರಿ!” ಮಾದೇವಕ್ಕ ಗದರಿದರು.

“ತಡ ಎಲ್ಲಾತು? ಬರೂ ಹೊತ್ತಿಗೇ ಬಂದೆ” ಎಂದು ಅವರು ಕಕ್ಕಾಬಿಕ್ಕಿಯಾದರು.

ಮಾದೇವಕ್ಕ ಒಮ್ಮೆ ನನ್ನ ಕಡೆ ನೋಡಿದರು. ತಪ್ಪು ಲೆಕ್ಕ ನನ್ನದೆಂದು ಗಂಡನಿಗೆ ಹೇಳಲಿಲ್ಲ. ಗಂಡನ ಕೈಯಿಂದ ನೀರು ಸೋರುತ್ತಿದ್ದ ಮೀನಿನ ಚೀಲ ತೆಗೆದು ನನ್ನ ಕೈಗಿಟ್ಟರು.

“ಹಿಡೀರಿ ಮಾಸ್ತರ್ರೆ.”

ಭಾರವಾಗಿತ್ತು. ತಪ್ಪು ಮಾಡಿದವನಿಗೆ ಹೊರಲು ಏನಾದರೊಂದು ಸಿಕ್ಕರೆ ಮೈ ಎಷ್ಟು ಹಗುರಾಗುತ್ತದೆ!