ಕೆರೆಗೆ ಹಾಕಿದ ಗಂಟು

೧೯೯೮ರ ಬೇಸಿಗೆ. ನಾನು ಆಗ ಮೂಡಿಗೆರೆಯಲ್ಲಿ ಕೆರೆಗಳ ದುರಸ್ತಿ ನೋಡಿಕೊಳ್ಳುವ ಜೂನಿಯರ್ ಇಂಜಿನಿಯರ್. ಬಣಕಲ್ ಆಚೆ, ಕಾಫಿ ತೋಟಗಳ ನಡುವಿನ ಒಂದು ಹಳೆಯ ಕೆರೆಯ ಏರಿ ಹೊರಮೈಯಲ್ಲಿ ಒಸರತೊಡಗಿತ್ತು. ಏರಿಯ ಕೆಳಗೇ ಎಸ್ಟೇಟಿನ ಕೂಲಿಲೈನು, ಮಕ್ಕಳುಮರಿಗಳಿದ್ದ ಮನೆಗಳು. ಮಳೆ ಹಿಡಿಯುವುದರೊಳಗೆ ಸೋರಿಕೆಯ ಮೂಲ ಗೊತ್ತಾಗದಿದ್ದರೆ ಏರಿ ಒಡೆದು ಅಷ್ಟೂ ಮನೆಗಳು ಕೊಚ್ಚಿಹೋಗುತ್ತಿದ್ದವು. ನೀರು ಹೊರಬಿಡುವ ತೂಬಿನ ಸಮೀಪ ದೋಣಿ ನಿಲ್ಲಿಸಿ ಆಳ ಅಳೆಯಬೇಕು, ಆಮೇಲೆ ಮುಳುಗುಗಾರನನ್ನು ಇಳಿಸಿ ತೂಬಿನ ಬಾಯಿ ನೋಡಿಸಬೇಕು ಎಂದು ತೀರ್ಮಾನವಾಯಿತು.

ದೋಣಿ ನಡೆಸಲು ಒಪ್ಪಿದವರು ಮಂಜಯ್ಯ. ಅಜ್ಜನ ಕಾಲದಿಂದ ಅದೇ ಕೆರೆಯಲ್ಲಿ ಮೀನು ಹಿಡಿಯುವ ಮನೆಯವರು. ಹತ್ತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಸ್ವಭಾವ. ನನಗೋ ಮೂಗಿನ ತುದಿಯಲ್ಲೇ ಕೋಪ.

ಸಣ್ಣ ದೋಣಿಯ ಲಂಗರಿಗೆ ಬರೀ ಹಗ್ಗ ಸಾಲದು. ದೋಣಿ ಎಳೆದಾಗ ಹಗ್ಗ ಲಂಗರನ್ನು ಮೇಲಕ್ಕೆತ್ತಿಬಿಡುತ್ತದೆ. ಹಗ್ಗಕ್ಕೂ ಲಂಗರಿಗೂ ನಡುವೆ ಒಂದಷ್ಟು ಸರಪಳಿ ಸೇರಿಸಿದರೆ, ಅದರ ಭಾರಕ್ಕೆ ಎಳೆತ ನೆಲದ ಗುಂಟ ಸಾಗಿ ಲಂಗರಿನ ಕೊಕ್ಕೆ ಕೆಸರನ್ನು ಕಚ್ಚಿಕೊಳ್ಳುತ್ತದೆ. ಹಗ್ಗ ಮತ್ತು ಸರಪಳಿ ಕೂಡುವ ಜಾಗ ಭದ್ರವಾಗಿದ್ದರೆ ದೋಣಿ ನಿಂತಲ್ಲೇ ನಿಲ್ಲುತ್ತದೆ.

ಮೊದಲ ದಿನ ಬೆಳಿಗ್ಗೆ ಮಂಜು ಇನ್ನೂ ನೀರಿನ ಮೇಲೆ ಕೂತಿತ್ತು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಲಂಗರು ಇಳಿಸಿ, ಆಳ ಅಳೆಯುವ ದಾರ ಬಿಟ್ಟು ಬರೆದುಕೊಳ್ಳುತ್ತಿದ್ದೆ. ತಲೆಯೆತ್ತಿದಾಗ ತೂಬಿನ ಕಲ್ಲುಕಂಬಗಳು ತೀರಾ ಹತ್ತಿರವಿದ್ದವು. ಗಾಳಿಯಿಲ್ಲ, ಮಂಜಯ್ಯ ಹುಟ್ಟು ಮುಟ್ಟಿರಲಿಲ್ಲ, ಆದರೂ ದೋಣಿ ಸದ್ದಿಲ್ಲದೆ ಅತ್ತ ಸರಿಯುತ್ತಿತ್ತು. ಹಗ್ಗ ಎಳೆದರೆ ಹಗುರವಾಗಿ ಬಂತು. ಸರಪಳಿ ಇರಲಿಲ್ಲ. ಹಗ್ಗದ ತುದಿ ಹರಿದಿರಲಿಲ್ಲ, ಸವೆದಿರಲೂ ಇಲ್ಲ. ತಳದಲ್ಲಿ ಯಾರೋ ಕೂತು ನಿಧಾನವಾಗಿ ಬಿಚ್ಚಿ ಕಳಿಸಿದಂತಿತ್ತು.

ಚಿಕ್ಕಮಗಳೂರಿನಿಂದ ಹೊಸ ಲಂಗರು, ಹೊಸ ಸರಪಳಿ ತರಿಸಿದೆ. ಮತ್ತೆ ಹಾಗೆಯೇ ಆಯಿತು. ದೆವ್ವಭೂತಗಳನ್ನು ನಾನು ನಂಬುವುದಿಲ್ಲ. ಆದರೂ ಎರಡನೆಯ ಸಲ ಆ ಒದ್ದೆ ತುದಿಯನ್ನು ಬರಿಗೈಯಲ್ಲಿ ಮುಟ್ಟಲು ನನಗೆ ಹೆದರಿಕೆಯಾಯಿತು.

ಮುಂದಿನ ಸಲ ಮಂಜಯ್ಯ ಕಟ್ಟುವುದನ್ನೇ ನೋಡುತ್ತ ಕೂತೆ. ಅವರು ಸರಪಳಿಗೆ ಹಾಕಿದ್ದು ಜಾರುಕುಣಿಕೆ. ಕೊಟ್ಟಿಗೆಯಲ್ಲಿ ದನಕ್ಕೆ ಹಾಕುವಂಥದ್ದು, ಹೊರಗೆ ಬಿಟ್ಟ ಹಗ್ಗದ ಬಾಲ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ನೀರಿನಡಿ ಸಡಿಲಾಗಿ, ಬಿಗಿಯಾಗಿ, ಆಡಿ ಆಡಿ ತಾನಾಗಿಯೇ ಕಳಚುತ್ತಿತ್ತು. ನನ್ನ ಪಿತ್ತ ನೆತ್ತಿಗೇರಿತು.

“ಏನ್ರೀ ಮಂಜಯ್ಯ, ದನ ಕಟ್ತಾ ಇದೀರಾ?”

“ಈ ಕೆರೆಗೆ ಗಂಟು ಹಾಕ್ಬಾರ್ದು ಮೇಡಂ. ನಾವು ಗಂಟು ಹಾಕಿದ್ರೆ ಅದು ನಮಗೆ ಗಂಟು ಬೀಳುತ್ತೆ.”

“ನನಗೆ ಗಂಟು ಬಿದ್ದಿರೋದು ಕೆರೆ ಅಲ್ಲ, ನೀವು!” ಎಂದೆ. ಅವರು ನಗಲಿಲ್ಲ.

ಅಷ್ಟರಲ್ಲಿ ಮುಳುಗುಗಾರ ಸುಂದರ ಮಲ್ಪೆಯಿಂದ ಬಂದ. ಕಡಲಿನವನಾದ್ದರಿಂದ ಲಂಗರಿನ ಕೆಲಸ ಬಲ್ಲವನು. ಹಗ್ಗದ ಎಳೆಗಳನ್ನು ಬಿಡಿಸಿ, ಒಂದು ಲೋಹದ ಬಳೆಯ ಸುತ್ತ ತಂದು, ಮತ್ತೆ ಹಗ್ಗದೊಳಕ್ಕೇ ಹೆಣೆದ. ಇದಕ್ಕೆ ಸ್ಪ್ಲೈಸ್ ಎನ್ನುತ್ತಾರೆ. ಆ ಬಳೆಗೂ ಸರಪಳಿಗೂ ಶ್ಯಾಕಲ್ ಎಂಬ ಕಬ್ಬಿಣದ ಕೊಂಡಿ ಹಾಕಿ, ಅದರ ಪಿನ್ನು ತಿರುಗದಂತೆ ನಾನೇ ತಂತಿ ಬಿಗಿದೆ. ಅದನ್ನು ಕಂಡ ಮಂಜಯ್ಯ ದೋಣಿ ಹತ್ತುವುದಿಲ್ಲವೆಂದು ದಡದಲ್ಲೇ ಕೂತರು. ಅವರಿಲ್ಲದೆ ಹುಟ್ಟು ಹಾಕುವವರು ಯಾರೂ ಇರಲಿಲ್ಲ.

ಕೊನೆಗೆ ನಾನೇ ಇಳಿದು ಬಂದೆ. “ಕೆಳಗಿನ ತುದಿ ಹೀಗೇ ಇರಲಿ. ದೋಣಿಯ ಕಡೆ ತುದಿಗೆ ನಿಮ್ಮ ಕುಣಿಕೆ ಹಾಕಿ. ಆಗಬಹುದಾ?”

“ಗಂಟು ನಿಮ್ದು, ಕುಣಿಕೆ ನಮ್ದು. ಹೇಳಿ ಇಟ್ಟಿದೀನಿ” ಎಂದು ಮಂಜಯ್ಯ ಎದ್ದರು.

ಈ ಸಲ ದೋಣಿ ಅಲುಗಲಿಲ್ಲ. ಸುಂದರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಗುಳ್ಳೆಗಳು ಏಳುತ್ತಿದ್ದವು. ಗೆದ್ದೆ ಎಂದುಕೊಳ್ಳುತ್ತಿದ್ದಾಗ ದೋಣಿಯ ಮೂತಿ ಬಾಗಿದ್ದು ಕಂಡಿತು. ಜಗ್ಗಿದಂತಲ್ಲ, ಕುಲುಕಾಟವೂ ಇಲ್ಲ. ಲಂಗರಿನ ಹಗ್ಗ ಬಿಗಿದು ಗುಂಯ್‌ಗುಡುತ್ತ, ಯಾವ ಅವಸರವೂ ಇಲ್ಲದೆ, ನಮ್ಮನ್ನು ಕೆಳಕ್ಕೆ ಎಳೆದುಕೊಳ್ಳುತ್ತಿತ್ತು. ಅಂಚಿನ ಮೇಲಿಂದ ನೀರು ಒಳಗೆ ಬಂತು.

ಮಂಜಯ್ಯನ ಕೈ ಕುಣಿಕೆಯ ಬಾಲದ ಮೇಲಿತ್ತು. “ಬಿಡ್ಲಾ ಮೇಡಂ?”

ಬಿಟ್ಟರೆ ದೋಣಿ ತೂಬಿನತ್ತ ಹೋಗುತ್ತದೆ, ಸುಂದರ ಅದರಡಿ ಸಿಕ್ಕಿಕೊಳ್ಳುತ್ತಾನೆ. ಬಿಡದಿದ್ದರೆ ಮೂವರೂ ಹೋಗುತ್ತೇವೆ. “ತಡೀರಿ!” ಎಂದು ಕೂಗಿ ಅವನ ಸೊಂಟದ ಹಗ್ಗ ಎಳೆಯತೊಡಗಿದೆ. ಅದು ಒಬ್ಬ ಮನುಷ್ಯನ ಭಾರವಾಗಿರಲಿಲ್ಲ, ಆ ಕಡೆಯಿಂದಲೂ ಏನೋ ಎಳೆಯುತ್ತಿತ್ತು. ನೀರು ಮೊಣಕಾಲಿಗೆ ಬಂತು. ಸುಂದರನ ಎರಡೂ ಕೈ ದೋಣಿಯ ಅಂಚು ಹಿಡಿದದ್ದೇ “ಬಿಡಿ!” ಎಂದು ಕಿರುಚಿದೆ. ಮಂಜಯ್ಯ ಬಾಲ ಜಗ್ಗಿದರು. ದೋಣಿ ಎಗರಿ ಮೇಲೆದ್ದಿತು. ಹಗ್ಗದ ತುದಿ ನೀರಿನೊಳಗೆ ಸದ್ದಿಲ್ಲದೆ ಇಳಿದುಹೋಯಿತು.

ದಡ ಸೇರಿದ ಮೇಲೆ ಸುಂದರ ಸೊಂಟದ ಹಗ್ಗ ಬಿಚ್ಚುತ್ತ ಹೇಳಿದ. “ತೂಬಿಗೆ ಬಾಗಿಲೇ ಇಲ್ಲ ಮಾರಾಯ್ರೆ. ಕೆಸರೆಲ್ಲ ಒಳಗೆ ಇಳೀತಾ ಉಂಟು, ಲಂಗರನ್ನೂ ಎಳ್ಕೊಂಡು. ಸರಪಳಿಗಳು ಅಲ್ಲೇ ಬಿದ್ದಿದಾವೆ, ಹಳೇದು, ಹೊಸದು.” ಆಮೇಲೆ ದನಿ ತಗ್ಗಿಸಿದ. “ಒಂದು ದೋಣಿಯೂ ಉಂಟು. ಮೂತಿ ಕೆಳಗೆ ಮಾಡಿ ನಿಂತಿದೆ.”

ಸೋರಿಕೆಯ ಮೂಲ ಆ ತೂಬೇ ಎಂದು ಗೊತ್ತಾಯಿತು. ಅಂದೇ ಕೂಲಿಲೈನು ಖಾಲಿ ಮಾಡಿಸಿದೆವು. ಕೋಡಿ ಕಡಿದು, ಉಳಿದ ನೀರನ್ನು ಪಂಪು ಹಚ್ಚಿ ತೆಗೆದು, ತೂಬಿಗೆ ಹೊಸ ಬಾಗಿಲು ಕೂರಿಸಿದೆವು. ಏರಿ ಉಳಿಯಿತು, ಮನೆಗಳೂ ಉಳಿದವು.

ನೀರು ಇಳಿದಾಗ ಆ ದೋಣಿಯನ್ನು ನಾವೆಲ್ಲ ನೋಡಿದೆವು. ಯಾರದ್ದೋ, ಯಾವ ಕಾಲದ್ದೋ, ಊರಲ್ಲಿ ಯಾರಿಗೂ ನೆನಪಿರಲಿಲ್ಲ. ಒಳಗೆ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಅದರ ಲಂಗರಿನ ಸರಪಳಿಯನ್ನು ಮುಂದಿನ ಹಲಗೆಗೆ ಬಿಚ್ಚಲು ಬಾರದಂತೆ ರಿವೆಟ್ ಹೊಡೆದು ಕೂರಿಸಿದ್ದರು. ಅದರ ಸುತ್ತ ಹಲಗೆಯ ತುಂಬ ಕತ್ತಿಯ ಕಚ್ಚುಗಳು. ಮೊದಲಿನವು ಸಾಲಾಗಿದ್ದವು, ಆಮೇಲಿನವು ಸೊಟ್ಟಸೊಟ್ಟ, ಒಂದರ ಮೇಲೊಂದು, ಆಳವಾಗಿ.

ಮಂಜಯ್ಯ ಅದರ ಮೇಲೆ ಅಂಗೈ ಇಟ್ಟರು. “ಇನ್ನೊಂದು ನಾಲ್ಕೇಟು ಬಿದ್ದಿದ್ರೆ ಸಾಕಿತ್ತು” ಎಂದರು.

ನಿವೃತ್ತಿಯವರೆಗೂ ಎಷ್ಟೋ ಗೇಟು, ಕೊಂಡಿ, ಬೋಲ್ಟುಗಳನ್ನು ಬಿಗಿಸಿದ್ದೇನೆ. ಬಿಗಿಯುವ ಮೊದಲು, ಬೇಕಾದಾಗ ಬಿಚ್ಚುವುದು ಎಲ್ಲಿಂದ ಎಂದು ಕೇಳದೆ ಬಿಟ್ಟಿಲ್ಲ. ಕೇಳುವಾಗೆಲ್ಲ ಆ ಹಲಗೆ ಕಣ್ಣಿಗೆ ಕಟ್ಟುತ್ತದೆ.